ಓಡುವ ಕಾಲಿಗೆ ಸ್ವೆಟರ್

ಸೋಲಾಪುರದ ಬಿಸಿಲಿನ ಬಗ್ಗೆ ಇಡೀ ಮಹಾರಾಷ್ಟ್ರ ಮಾತಾಡುತ್ತದೆ. ಸೋಲಾಪುರದ ಥಂಡಿಯ ಬಗ್ಗೆ ಸೋಲಾಪುರದವರೂ ಮಾತಾಡುವುದಿಲ್ಲ. ಅದು ಬಂದಾಗ ಕೌದಿಯೊಳಗೆ ಸೇರುತ್ತೇವೆ, ಹೋದಾಗ ಹೊರಗೆ ಬರುತ್ತೇವೆ. ಹೀಗಾಗಿ, ಬೆಳಕು ಹರಿಯುವ ಮುಂಚೆ ಅಕ್ಕನನ್ನು ಮೋಟಾರ್‌ಸೈಕಲ್ ಮೇಲೆ ಕೂರಿಸಿಕೊಂಡು ಕುರನೂರದಿಂದ ಸೋಲಾಪುರಕ್ಕೆ ಹೋಗಬೇಕಾಗಿ ಬಂದಾಗ ಏನೇನು ಹಾಕಿಕೊಳ್ಳಬೇಕೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯವನ್ನು ನಮ್ಮ ಮನೆಯವರು ಬಹಳ ಖಚಿತವಾಗಿ ಹೇಳುತ್ತಾರೆ. ಎಲ್ಲರಿಗಿಂತ ಖಚಿತವಾಗಿ ಹೇಳುವವನು ನಾನು.

ಅಕ್ಕ ಪೊಲೀಸ್ ಭರತಿಗೆ, ಅಂದರೆ ನೇಮಕಾತಿಗೆ, ಅರ್ಜಿ ಹಾಕಿದ್ದಳು. ಮೊದಲು ಮೈದಾನದ ಪರೀಕ್ಷೆ: ಓಡಬೇಕು, ಗುಂಡು ಎಸೆಯಬೇಕು. ಅದರಲ್ಲಿ ಗೆದ್ದವರಿಗಷ್ಟೇ ಮುಂದೆ ಬರೆಯುವ ಪರೀಕ್ಷೆ. ವರ್ಷವಿಡೀ ಅವಳು ಕುರನೂರ ಡ್ಯಾಮಿನ ಒಡ್ಡಿನ ಮೇಲೆ ಓಡಿದ್ದಳು. ನಾನು ಗಾಡಿಯ ಮೇಲೆ ಪಕ್ಕದಲ್ಲೇ ಸಾಗುತ್ತ, ಎತ್ತಿನ ಶರ್ಯತ್ತಿನಲ್ಲಿ ಮೈಕು ಹಿಡಿಯುವವನ ದನಿ ತೆಗೆದು, "ಬಿಳಿ ಎತ್ತು ಮುಂದ ಬಂತು ನೋಡ್ರೀ..." ಎಂದು ಕೂಗುತ್ತಿದ್ದೆ. ಅವಳು ಕಲ್ಲೆತ್ತಿ ಎಸೆಯುತ್ತಿದ್ದಳು. ಗುಂಡು ಎಸೆತದ ತಾಲೀಮೂ ಹೀಗೆ ನನ್ನ ಬೆನ್ನಿನ ಮೇಲೆಯೇ ಆಯಿತು.

ಅಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಇದೊಂದ ಸಲ. ಮೈದಾನ ಪಾಸಾದ್ರ ನಿನ್ನ ದಾರಿ ನಿಂದು. ಆಗಲಿಲ್ಲಂದ್ರ ಕಬ್ಬಿನ ಹಂಗಾಮ ಮುಗದ ಮ್ಯಾಲ ವರಾ ನೋಡೂದು. ಆವಾಗ ನಡುವ ಮಾತಾಡಬಾರದು." ಅಪ್ಪನ ದನಿ ತೆಗೆಯುವುದು ಬಹಳ ಸುಲಭ, ಅದರಲ್ಲಿ ಏರಿಳಿತವೇ ಇಲ್ಲ. ಎಮ್ಮೆಯ ಬೆಲೆ ಹೇಳುವಾಗಲೂ ಮಗಳ ಮುಂದಿನ ಬಾಳು ಹೇಳುವಾಗಲೂ ಒಂದೇ ಸ್ವರ. ಆವತ್ತು ಮಾತ್ರ ನಾನು ಅಣಕಿಸಲಿಲ್ಲ. ಅಕ್ಕ ಗೋಡೆ ನೋಡುತ್ತ, "ಹೂಂ" ಎಂದಳು.

ಬೆಳಗಿನ ಮೊದಲ ಎಸ್‌ಟಿ ಬಸ್ಸು ಸೋಲಾಪುರ ಮುಟ್ಟುವ ಹೊತ್ತಿಗೆ ಮೈದಾನದ ಗೇಟು ಮುಚ್ಚಿರುತ್ತದೆ. ಹಿಂದಿನ ದಿನವೇ ಹೋಗಿ ಸೋಲಾಪುರದ ಕಾಕಾನ ಮನೆಯಲ್ಲಿ ಇರಬಹುದಿತ್ತು. ಕಾಕಾ ಅಂದರೆ ಅಪ್ಪನ ಚಿಕ್ಕಪ್ಪನ ಮಗ, ಚಾದರ ಅಂಗಡಿಯ ಸಾಹುಕಾರ. ಆದರೆ ಅವನ ಹೆಂಡತಿ ಕಾಕು ಫೋನಿನಲ್ಲಿ, "ಖಾಕಿ ಹಾಕ್ಕೊಂಡಾಕಿನ್ನ ಯಾರವ್ವ ಮನಿ ತುಂಬಿಸ್ಕೋತಾರ?" ಎಂದು ಕೇಳಿದ್ದಳು. ಅಲ್ಲಿಗೆ ಅಕ್ಕ, "ನಾ ಬೇಕಾದ್ರ ರಾತ್ರಿಯೆಲ್ಲಾ ನಡಕೋತ ಹೋಗತೀನಿ, ಆಕಿ ಮನ್ಯಾಗ ನೀರು ಸೈತ ಕುಡಿಯೂದಿಲ್ಲ" ಎಂದುಬಿಟ್ಟಳು. ಉಳಿದದ್ದು ನಾನು ಮತ್ತು ನನ್ನ ಗಾಡಿ.

ಹಿಂದಿನ ಸಂಜೆ ಪಡಸಾಲೆಯಲ್ಲಿ ಬಟ್ಟೆಯ ಸಭೆ ಸೇರಿತು. ಹಿಮದ ಬೆಟ್ಟಗಳಲ್ಲಿ ಗಾಡಿ ಓಡಿಸುವವನೊಬ್ಬನ ವಿಡಿಯೋಗಳನ್ನು ನಾನು ಫೋನಿನಲ್ಲಿ ನೋಡಿದ್ದೆ. ಹೊರಸಿನ ಮೇಲೆ ನಿಂತು ಅವನ ದನಿಯಲ್ಲೇ ಭಾಷಣ ಶುರು ಮಾಡಿದೆ: "ದೋಸ್ತರೇ, ಥಂಡಿಗೆ ಮೂರು ಪದರ! ಮೊದಲನೇದು ಬೆವರು ಹೀರೂದು, ಎರಡನೇದು ಬಿಸಿ ಹಿಡಿಯೂದು, ಮೂರನೇದು ಗಾಳಿ ತಡಿಯೂದು!"

"ಇಳೀ ಕೆಳಗ, ಹೊರಸು ಮುರದೀತು," ಎಂದಳು ಆಯಿ, ಅಪ್ಪನ ತಾಯಿ. "ಥಂಡಿ ಹೊಕ್ಕೂದು ಕಿವಿಯಿಂದ. ಕಿವಿ ಕಟ್ಟಿದ್ರ ಮುಗೀತು. ಮೂರು ಪದರ ಅಂತ ಮೂರು ಪದರ, ಚಪಾತಿ ಏನ ಅದು?"

ಇಡೀ ಮನೆ ಆಯಿಯ ಕಡೆಗೆ ನಿಂತಿತು. ನಮ್ಮ ಕಡೆ ಎಲ್ಲರೂ ನಂಬುವುದು ಅದನ್ನೇ. ಡಿಸೆಂಬರಿನಲ್ಲಿ ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ನೋಡಿ, ಗಂಡಸರು ಅರ್ಧ ತೋಳಿನ ಅಂಗಿ ತೊಟ್ಟು, ಬರಿಗಾಲಲ್ಲಿ ಚಪ್ಪಲಿ ಮೆಟ್ಟಿ, ತಲೆಗೆ ಮಾತ್ರ ಗಾಯವಾದವರಂತೆ ಮಫ್ಲರ್ ಸುತ್ತಿಕೊಂಡಿರುತ್ತಾರೆ. ಆಯಿ ಅಕ್ಕನಿಗೊಂದು, ನನಗೊಂದು ಕಾನಟೋಪಿ ತೆಗೆದಿಟ್ಟಳು. ಅದರ ಮೇಲೆ ಮಫ್ಲರು. ಅದರ ಮೇಲೆ ನನಗೆ ಹೆಲ್ಮೆಟ್ಟು. ಹಾಕಿ ನೋಡಿದರೆ ನನ್ನ ಮಾತು ನನಗೇ ಬಾವಿಯೊಳಗಿನಿಂದ ಕೇಳಿಸಿತು.

ಮನೆಯಲ್ಲಿ ಇದ್ದ ಉಣ್ಣೆ ಎಂದರೆ ಅಪ್ಪನ ಕಂದು ಸ್ವೆಟರ್ ಒಂದೇ. ಅದು ನನಗೆಂದು ತೀರ್ಮಾನವಾಯಿತು. ಗಾಡಿ ಹೊಡೆಯುವವನ ಎದೆಗೆ ಗಾಳಿ ನೇರ ಬಡಿಯುತ್ತದೆ ಎಂದು ಭಾಷಣದಲ್ಲಿ ನಾನೇ ಹೇಳಿದ್ದೆನಲ್ಲ! ಮೂರನೇ ಪದರಕ್ಕೆ ಜಿಪ್ಪು ಕೆಟ್ಟ ನನ್ನ ಜರ್ಕಿನ್. ಅಕ್ಕನಿಗೆ? ಅಲ್ಲಿ ಕಾಕಾ ಬಂದ, ಅಂದರೆ ಫೋನಿನಲ್ಲಿ. ಪ್ರತಿ ದೀಪಾವಳಿಗೆ ಅವನು ಕಳಿಸಿದ ಚಾದರಗಳು ನಮ್ಮ ಮನೆಯಲ್ಲಿ ಅಟ್ಟದ ತನಕ ಇವೆ. "ನಮ್ಮ ಚಾದರ ಹೊತಗೊಂಡು ಯಾರರೆ ಥಂಡ್ಯಾಗ ಸತ್ತಾರೇನ? ಒಂದ ಹೆಸರು ಹೇಳ ನೋಡೂಣು!" ಎಂದ. ಹೇಳಲು ನಮ್ಮಲ್ಲಿ ಯಾರಿಗೂ ಒಂದು ಹೆಸರೂ ನೆನಪಾಗಲಿಲ್ಲ. ಅವನ ಚಾದರ ಒಳ್ಳೆಯದೇ, ದಪ್ಪ ಹತ್ತಿ, ಗಟ್ಟಿ ನೇಯ್ಗೆ. ಆದರೆ ಚಾದರ ಹೊದ್ದವರು ಯಾರೂ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಮಲಗುವುದಿಲ್ಲ. ಈ ಮಾತು ನನಗೆ ಹೊಳೆದದ್ದು ಮರುದಿನ, ಚಪಳಗಾಂವದ ಹತ್ತಿರ.

ಬೆಳಗಿನ ಜಾವ ಅವ್ವ ಅಕ್ಕನಿಗೆ ಚಾದರ ಸುತ್ತಿದಳು. ಓಡುವ ಟ್ರ್ಯಾಕ್ ಪ್ಯಾಂಟು ಮತ್ತು ಟೀ ಶರ್ಟಿನ ಮೇಲೆ ಒಂದು ಚಾದರ ಎದೆಯಿಂದ ಸೊಂಟದವರೆಗೆ, ಇನ್ನೊಂದು ಬೆನ್ನ ಮೇಲಿಂದ, ಎರಡನ್ನೂ ಸೊಂಟದ ಹತ್ತಿರ ಗಂಟು ಹಾಕಿ ಬಿಗಿದಳು. ಬಾಣಂತಿಯನ್ನು ಕಟ್ಟುವ ಹಾಗೆ. ಆ ಗಂಟಿನಿಂದಾಗಿ ಅಕ್ಕನಿಗೆ ಕಾಲು ಅಗಲಿಸಿ ಕೂರಲು ಆಗಲಿಲ್ಲ. ಆಗುತ್ತಿದ್ದರೂ ಅವ್ವ ಬಿಡುತ್ತಿರಲಿಲ್ಲ. "ಒಂದ ಕಡಿ ಕಾಲು ಇಟ್ಕೊಂಡು ಛಂದಾಗಿ ಕುಂದ್ರು. ಊರಾಗಿನವ್ರು ನೋಡತಾರ."

"ಈ ಹೊತ್ತಿನ್ಯಾಗ ನೋಡಾಕ ನಾಯಿ ಸೈತ ಎದ್ದಿಲ್ಲ," ಎಂದೆ.

"ನಾಯಿ ಮುಂದರೆ ಮರ್ಯಾದಿಲೆ ಹೋಗ್ರಿ," ಎಂದಳು ಅವ್ವ.

ಅಕ್ಕ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾವು ಹೊರಟೆವು.

ಡ್ಯಾಮಿನ ಹಿನ್ನೀರಿನ ಪಕ್ಕದ ರಸ್ತೆಗೆ ಬಂದ ಕೂಡಲೇ ಮಂಜು. ಹೆಡ್‌ಲೈಟಿನ ಬೆಳಕು ಗಾಡಿಯ ಮುಂದೆಯೇ ನಿಂತುಬಿಟ್ಟಿತು. ಮೊದಮೊದಲು ಚೆನ್ನಾಗಿಯೇ ಇತ್ತು. ಮೈ ಬೆಚ್ಚಗಿತ್ತು, ಕಿವಿ ಬೆಚ್ಚಗಿತ್ತು. ನನ್ನ ಭಾಷಣಕ್ಕೆ ನಾನೇ ಚಪ್ಪಾಳೆ ತಟ್ಟಿಕೊಂಡೆ. ಆಮೇಲೆ ಕೆಟ್ಟ ಜಿಪ್ಪಿನ ಸಂದಿಯಿಂದ ಗಾಳಿ ಒಳಗೆ ಕೈ ಹಾಕಿತು. ಸ್ವೆಟರಿಗೆ ಬಿಸಿ ಹಿಡಿಯಲು ಬರುತ್ತದೆ, ಗಾಳಿ ತಡೆಯಲು ಬರುವುದಿಲ್ಲ. ಎರಡನೇ ಪದರ ಮೂರನೇ ಪದರದ ಕೆಲಸ ಮಾಡಲು ಹೊರಟರೆ ಹೇಗಿರುತ್ತದೆಂದು ನನ್ನ ಎದೆಗೆ ಗೊತ್ತಾಗತೊಡಗಿತು. ಕೈಗವಸು ಹತ್ತಿಯದು. ಮಂಜಿನ ಹನಿ ಹೀರಿ ಅದು ಹಸಿಯಾಯಿತು, ಹಸಿಯಾದದ್ದು ತಣ್ಣಗಾಯಿತು.

"ಅಕ್ಕಾ, ಥಂಡಿ ಆಗತದೇನು?"

"ಕಿವಿ ಬೆಚ್ಚಗದಾವ," ಎಂದಳು. ಅವಳ ದನಿಯಲ್ಲಿ ನಗು ಇತ್ತು. "ಏನರೆ ಹೇಳು. ಸುಮ್ನ ಕುಂತ್ರ ಓಡೂದು ನೆನಪ ಆಗಾಕತ್ತದ."

ನಾನು ಕಾಕಾನ ದನಿ ತೆಗೆದೆ: "ಒಂದ ಹೆಸರು ಹೇಳ ನೋಡೂಣು!" ಹಿಂದೆ ಅವಳು ನಕ್ಕಿದ್ದು ನನ್ನ ಬೆನ್ನಿಗೆ ತಿಳಿಯಿತು. ಕಾಕುವಿನ ದನಿ ತೆಗೆದೆ. ಅವಳು ಬೆನ್ನಿಗೆ ಗುದ್ದಿದಳು. ಚಪಳಗಾಂವ ದಾಟುವ ತನಕ ಹೀಗೇ ನಡೆಯಿತು. ಅಷ್ಟರಲ್ಲಿ ಗುದ್ದುವುದು ನಿಂತಿತ್ತು. ನಾನು ಗಮನಿಸಲಿಲ್ಲ, ನನ್ನ ಗಮನವೆಲ್ಲ ನನ್ನ ಬೆರಳುಗಳ ಮೇಲಿತ್ತು. ಅವು ಹ್ಯಾಂಡಲ್ ಹಿಡಿದಿವೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕಾಗಿತ್ತು.

ದೊಡ್ಡ ರಸ್ತೆ ಸೇರಿದ ಮೇಲೆ ಮಂಜಿನೊಳಗೆ ಏನೋ ಕಪ್ಪಗೆ ಕಂಡಿತು. ಊರ ಮುಂದಿನ ಗಿಡವೆಂದುಕೊಂಡೆ. ಗಿಡ ಅಲುಗಿತು. ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದಿನ ಡಬ್ಬಿ, ದೀಪವಿಲ್ಲ. ಕಬ್ಬಿನ ತುದಿಗಳು ನನ್ನ ಹೆಲ್ಮೆಟ್ಟಿನ ಎತ್ತರಕ್ಕೆ ಚಾಚಿಕೊಂಡಿದ್ದವು. ಬ್ರೇಕ್ ಹಿಡಿ ಎಂದು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ಬೆರಳುಗಳು ಮಡಚಲೇ ಇಲ್ಲ. ಕಾಲಿನ ಬ್ರೇಕನ್ನು ಪೂರ್ತಿ ತುಳಿದೆ, ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ಒಂದು ಕಡೆ ಕೂತ ಅಕ್ಕನ ಭಾರವೆಲ್ಲ ಎಡಕ್ಕಿತ್ತು, ಗಾಡಿಯೂ ಎಡಕ್ಕೇ ವಾಲಿತು. ಹೇಗೋ ರಸ್ತೆಯಂಚಿನ ಮಣ್ಣಿಗೆ ಇಳಿದು ನೆಟ್ಟಗಾಯಿತು. ಒಂದು ಕಬ್ಬಿನ ಗರಿ ನನ್ನ ಭುಜ ಸವರಿ ಹೋಯಿತು.

ಅಕ್ಕನ ಹೆದರಿಕೆ ಹೋಗಲೆಂದು, ಮುಖ್ಯವಾಗಿ ನನ್ನದು ಹೋಗಲೆಂದು, ಮತ್ತೆ ದನಿ ತೆಗೆಯತೊಡಗಿದೆ.

"ಈಗ ಆಯಿ ದನಿ ತಗೀ," ಎಂದಳು ಅಕ್ಕ.

"ತಗದೆನಲ್ಲ ಈಗ."

"ಅದು ಕಾಕಾಂದು."

"ಕಾಕಾಂದು ಅದಕಿಂತ ಮೊದಲ ತಗದೆ."

"ಎರಡೂ ಒಂದ ಇದ್ವು." ಅವಳ ಕೈ ನನ್ನ ಭುಜ ಹಿಡಿಯಿತು. "ನಿನ್ನ ನಾಲಿಗಿ ತೊದಲಾಕತ್ತದ. ಗಾಡಿ ನಿಲ್ಲಸು."

"ಗೇಟ್ ಮುಚ್ಚತಾರ, ಅಕ್ಕಾ."

"ನಿಲ್ಲಸಲೇ! ಕುಡದವ್ರಂಗ ಮಾತಾಡಾಕತ್ತಿ, ಇನ್ನೊಂದು ಟ್ರ್ಯಾಕ್ಟರ್ ಬಂದ್ರ ಏನ ಮಾಡಾಂವ?"

ಕುಡಿದವನ ದನಿ ತೆಗೆಯುವುದರಲ್ಲಿ ನಾನು ಊರಿಗೇ ಹೆಸರಾದವನು. ತೆಗೆಯದೇ ಬಂದದ್ದು ಅದೇ ಮೊದಲು. ಮುಂದೆ ರಸ್ತೆ ಬದಿಯಲ್ಲಿ ತಗಡಿನ ಚಹಾ ಅಂಗಡಿಯೊಂದರ ಒಲೆ ಕಂಡಿತು. ನಿಲ್ಲಿಸಿದೆ. ಅಕ್ಕ ಕೆಳಗಿಳಿದಳು, ಇಳಿದವಳು ನೇರ ಮಣ್ಣಿನಲ್ಲಿ ಕುಸಿದು ಕೂತಳು.

ನಾನು ನಕ್ಕೆ. ಅವಳು ನಗಲಿಲ್ಲ. ತನ್ನ ಮೊಣಕಾಲಿನ ಕೆಳಗೆ ಎರಡೂ ಕೈಯಿಂದ ಒತ್ತಿ ನೋಡುತ್ತಿದ್ದಳು. "ಕಾಲು ಎಲ್ಲದಾವ ಅಂತ ತಿಳಿವಲ್ದೋ," ಎಂದಳು.

ಆಗ ನೋಡಿದೆ. ತಲೆಗೆ ಎರಡು ಪದರ, ಎದೆಗೆ ಎರಡು ಚಾದರ, ಕೆಳಗೆ ಹಾಳೆಯಷ್ಟು ತೆಳ್ಳಗಿನ ಟ್ರ್ಯಾಕ್ ಪ್ಯಾಂಟು. ಆ ಒಂದೇ ಬಟ್ಟೆಯಲ್ಲಿ ಎರಡೂ ಕಾಲು ಗಾಡಿಯ ಪಕ್ಕದಲ್ಲಿ, ಗಾಳಿಗೆ ಅಡ್ಡ ತೂಗಿಕೊಂಡು ಬಂದಿದ್ದವು. ನನ್ನ ಬೆನ್ನಿನ ಮರೆ ಅವಳ ಎದೆಗಿತ್ತು, ಕಾಲಿಗೆ ಇರಲಿಲ್ಲ. ಒಂದು ಸಂಜೆಯೆಲ್ಲ ಐದು ಮಂದಿ ಕೂತು ಬಟ್ಟೆ ಆರಿಸಿದೆವು. ಓಡುವ ಪರೀಕ್ಷೆಗೆ ಹೋಗುವವಳ ಕಾಲಿನ ಮಾತು ಒಬ್ಬರೂ ಎತ್ತಲಿಲ್ಲ. ಗಾಡಿ ಹತ್ತುವವರೆಗೂ ಅವಳೂ ಎತ್ತಲಿಲ್ಲ. ಅವಳ ತಲೆಯಲ್ಲಿಯೂ ಥಂಡಿ ಒಳಹೊಕ್ಕುವುದು ಕಿವಿಯಿಂದಲೇ.

ಚಹಾದ ಅಂಗಡಿಯ ಹೆಂಗಸು ಹೊರಗೆ ಬಂದು ಅಕ್ಕನನ್ನು ನೋಡಿ ಗಾಬರಿಯಾದಳು. "ಅಯ್ಯ, ಏನಾತವ್ವ? ಬಾ, ಒಲಿ ಬಲ್ಲಿ ಕಾಲು ಚಾಚು. ಬಿಸಿನೀರು ಹುಯ್ಯಲೇನು?"

"ಬ್ಯಾಡ, ಮಾವಶಿ. ಒಮ್ಮಿಗೇ ಬಿಸಿ ಮಾಡಿದ್ರ ಆಮ್ಯಾಲ ಬಾಯಿಟಾ ಬರತಾವ," ಎಂದಳು ಅಕ್ಕ. ಬಾಯಿಟಾ ಅಂದರೆ ಮೀನಖಂಡ ಕಲ್ಲಿನಂತೆ ಹಿಡಿದುಕೊಳ್ಳುವುದು. ಒಡ್ಡಿನ ಮೇಲೆ ಓಡುವಾಗ ಅದು ಅವಳಿಗೆ ಎಷ್ಟೋ ಸಲ ಬಂದಿತ್ತು. "ನಾ ತಿಕ್ಕೋತೀನಿ. ನೀ ಅಂವಗ ಚಾ ಕೊಡು. ನಾಲಿಗಿ ಸಡ್ಲ ಆಗಲಿ."

ಅವಳು ಕಾನಟೋಪಿ ಕಿತ್ತೆಸೆದಳು. ಅವ್ವನ ಗಂಟನ್ನು ಬಿಚ್ಚಲು ಬರಲಿಲ್ಲ. ಅಂಗಡಿಯ ಹೆಂಗಸು ಚಾಕು ತಂದು ಒಂದು ಅಂಚು ಕತ್ತರಿಸಿದಳು. ಕಾಕಾನ ಮಾಲು ಅಷ್ಟು ಗಟ್ಟಿ, ಎರಡು ಸಲ ಕೊಯ್ಯಬೇಕಾಯಿತು. ಅಕ್ಕ ಕಾಲು ತಿಕ್ಕುತ್ತಿದ್ದಳು, ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ನಾನು ಚಹಾದ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತಿದ್ದೆ, ಅದರ ಬಿಸಿ ಬೆರಳಿಗೆ ತಲುಪಲು ಬಹಳ ಹೊತ್ತು ಹಿಡಿಯಿತು. ಪೂರ್ವದಲ್ಲಿ ಬೂದಿಬಣ್ಣ ಮೂಡಿತ್ತು. ಗೇಟು ಮುಚ್ಚುವುದು ಏಳೂವರೆಗೆ. ಬೂದಿ ಕೆಂಪಾಗುವುದರೊಳಗೆ ಹೊರಡದಿದ್ದರೆ ಹೋಗಿಯೂ ಉಪಯೋಗವಿರಲಿಲ್ಲ.

"ಸ್ವೆಟರ್ ಬಿಚ್ಚು," ಎಂದಳು ಅಕ್ಕ.

"ನಾ ಗಾಳಿಗಿ ಕುಂದ್ರಾಂವ."

"ನಿನ್ನ ಗಾಳಿ ಆಮ್ಯಾಲ ನೋಡೂಣು. ಬಿಚ್ಚು."

"ಕಿವಿಗಿ ಏನರೆ ಕಟ್ಕೋ ಮತ್ತ..."

"ಕಿವಿ ಹೋದ್ರ ಹೋಗಲಿ. ನಾ ಕಿವಿಲೆ ಓಡೂದಿಲ್ಲ."

ಬಿಚ್ಚಿ ಕೊಟ್ಟೆ. ಅವಳು ಬೂಟು ಕಳಚಿ, ಅಪ್ಪನ ಸ್ವೆಟರಿನ ಎರಡು ತೋಳುಗಳೊಳಗೆ ಎರಡು ಕಾಲು ತೂರಿಸಿ ಮತ್ತೆ ಬೂಟು ಮೆಟ್ಟಿದಳು. ಕೊರಳಿನ ತೂತು ಹಿಂದೆ ಬಂತು. ಮೇಲೆ ಚಾದರದ ಒಂದು ಹರಕು ಸುತ್ತಿ ಬಿಗಿದಳು. ಎದ್ದು ನಿಂತಾಗ ಅಪ್ಪನೇ ತಲೆಕೆಳಗಾಗಿ ಅವಳ ಕಾಲು ಹಿಡಿದುಕೊಂಡ ಹಾಗೆ ಕಂಡಿತು. ಈ ಮಾತನ್ನು ಹೇಳಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ.

ಅಂಗಡಿಯಲ್ಲಿ ಭಜಿ ಕಟ್ಟಿಕೊಡಲು ಇಟ್ಟಿದ್ದ ಹಳೆಯ ಮರಾಠಿ ಪೇಪರುಗಳನ್ನು ತೆಗೆದುಕೊಂಡು ನನ್ನ ಎದೆಗೆ, ಅಂಗಿಯೊಳಗೆ ದಪ್ಪಗೆ ತುರುಕಿದೆ. ಅದರ ಮೇಲೆ ಜರ್ಕಿನ್, ಜಿಪ್ಪಿನ ಜಾಗಕ್ಕೆ ಸುತಳಿ. ಹಸಿ ಕೈಗವಸು ಬಿಸಾಕಿ, ಕೈಗೆ ಹಾಲಿನ ಖಾಲಿ ಪಾಕೀಟು ಹಾಕಿಕೊಂಡು ಮಣಿಕಟ್ಟಿಗೆ ರಬ್ಬರ್ ಸುತ್ತಿಕೊಂಡೆ. ಹಾಲಿನ ಹುಳಿ ವಾಸನೆ ಬರುತ್ತಿತ್ತು. ಆದರೆ ಗಾಳಿ ಒಳಗೆ ಬರಲಿಲ್ಲ. ಹಿಮದ ಬೆಟ್ಟದವನು ಹೇಳಿದ ಮೂರನೇ ಪದರ ಅಂದರೆ ಇಷ್ಟೇ ಆಗಿತ್ತು.

ಈ ಸಲ ಅಕ್ಕ ಕಾಲು ಎರಡೂ ಕಡೆ ಹಾಕಿ ಕೂತಳು, ಮೊಣಕಾಲುಗಳನ್ನು ನನ್ನ ಸೊಂಟದ ಹಿಂದೆ ಒತ್ತಿ ಅಡಗಿಸಿದಳು. "ಹೊಡಿ," ಎಂದಳು. "ದನಿ ತಗೀಬ್ಯಾಡ. ರಸ್ತಾ ನೋಡು."

ಮುಂದಿನ ದಾರಿಯಲ್ಲಿ ನಾನು ಯಾರೂ ಆಗಿರಲಿಲ್ಲ. ಅವಳು ಹಿಂದೆ ಏನೋ ಲೆಕ್ಕ ಹೇಳಿಕೊಳ್ಳುತ್ತ ಕಾಲ್ಬೆರಳು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು. ಫುಟ್‌ರೆಸ್ಟಿನ ಮೇಲೆ ಅವಳ ಬೂಟು ಕದಲುವುದು ನನಗೆ ತಿಳಿಯುತ್ತಿತ್ತು. ಎಡಗಡೆಯದು ಕದಲಲಿಲ್ಲ. ಬಹಳ ದೂರ ಕದಲಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ನಮ್ಮ ಬೆನ್ನ ಹಿಂದೆ ಸೂರ್ಯ ಹುಟ್ಟಿದ, ರಸ್ತೆಯ ಮೇಲೆ ನಮ್ಮ ನೆರಳು ಉದ್ದಕ್ಕೆ ಬಿತ್ತು. ಸೋಲಾಪುರದ ಮೊದಲ ಗಿರಣಿಗಳು ಕಾಣುವ ಹೊತ್ತಿಗೆ ಎಡ ಬೂಟು ಒಂದು ಸಲ ಅಲುಗಿತು. ಇನ್ನೊಂದು ಸಲ. ನಾನು ವೇಗ ಹೆಚ್ಚಿಸಿದೆ.

ಮೈದಾನದ ಗೇಟಿನಲ್ಲಿ ಕೊನೆಯ ಹುಡುಗಿಯರ ಸಾಲು ಒಳಗೆ ಹೋಗುತ್ತಿತ್ತು. ಕಾನ್‌ಸ್ಟೆಬಲ್ ಒಬ್ಬ ಗೇಟಿನ ಒಂದು ಬಾಗಿಲನ್ನು ಆಗಲೇ ಎಳೆದಿದ್ದ. "ಚಲಾ, ಚಲಾ, ಲವಕರ್!" ಎಂದು ಬೇಗ ಬರಲು ಗದರಿಸುತ್ತಿದ್ದ. ಅಕ್ಕ ಜಿಗಿದಿಳಿದಳು. ನಿಂತಳು. ನಿಂತಳು ಎಂಬುದೇ ನನಗೆ ದೊಡ್ಡದಾಗಿತ್ತು. ಚಾದರದ ಹರಕು ಕಿತ್ತೆಸೆದಳು. ಆದರೆ ಸ್ವೆಟರ್ ಬಿಚ್ಚಬೇಕಲ್ಲ! ತೋಳಿನ ತುದಿ ಬಿಗಿ, ಬೂಟು ಅದರಲ್ಲಿ ದಾಟುವುದಿಲ್ಲ. ಬೂಟಿನ ಲೇಸನ್ನು ಅವಳ ಬೆರಳು ಹಿಡಿಯುತ್ತಿಲ್ಲ. ನನ್ನ ಬೆರಳಿಗೆ ಹಾಲಿನ ಪಾಕೀಟು. ನಾನು ರಸ್ತೆಯ ಮೇಲೆ ಮೊಣಕಾಲೂರಿ ಕೂತು ಸ್ವೆಟರಿನ ಅಂಚನ್ನು ಹಲ್ಲಿಂದ ಕಡಿದೆ. ಉಣ್ಣೆಯ ಎಳೆ ಬಾಯಿಗೆ ಬಂತು. ಎಳೆದೆ, ಬಿಚ್ಚುತ್ತ ಬಂತು. ಒಂದು ಕಾಲು ಹೊರಗೆ ಬಂತು. ಇನ್ನೊಂದನ್ನೂ ಕಡಿದೆ.

"ಹೇ ಕಾಯ್ ಘಾತಲಂಯ್, ತಾಯಿ?" ಇದೇನು ಹಾಕಿಕೊಂಡಿದ್ದೀ ಎಂದು ಕಾನ್‌ಸ್ಟೆಬಲ್ ಕೇಳಿದ. ಗೇಟಿನ ಸುತ್ತ ನಿಂತ ಅಪ್ಪಂದಿರು, ಅಣ್ಣಂದಿರು ನಕ್ಕರು. ಎದೆಯಲ್ಲಿ ಪೇಪರು, ಕೈಯಲ್ಲಿ ಹಾಲಿನ ಪಾಕೀಟು, ಹಲ್ಲಲ್ಲಿ ಉಣ್ಣೆ. ನಕ್ಕಿದ್ದಕ್ಕೆ ತಪ್ಪು ಹೇಳಲಾರೆ. ಅವರ ಜಾಗದಲ್ಲಿ ನಾನಿದ್ದರೆ ಬರೀ ನಕ್ಕು ಬಿಡುತ್ತಿರಲಿಲ್ಲ, ಸಂಜೆ ಕಟ್ಟೆಯ ಮೇಲೆ ಆಡಿ ತೋರಿಸುತ್ತಿದ್ದೆ. ಅಕ್ಕ ಹಿಂದಿರುಗಿ ನೋಡಲಿಲ್ಲ. ಕುಂಟುತ್ತ ಒಳಗೆ ಹೋದಳು. ಗೇಟು ಮುಚ್ಚಿತು.

ಗೋಡೆ ಎತ್ತರ, ಒಳಗಿನದು ಏನೂ ಕಾಣುತ್ತಿರಲಿಲ್ಲ. ಸೀಟಿ ಮಾತ್ರ ಕೇಳುತ್ತಿತ್ತು. ಪ್ರತಿ ಸೀಟಿಗೂ ಹೊರಗಿನವರೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದೆವು, ಸರಿದು ಏನು ಮಾಡುವುದೆಂದು ತಿಳಿಯದೆ ಹಿಂದೆ ಬರುತ್ತಿದ್ದೆವು. ಪಕ್ಕದವನೊಬ್ಬ ತನ್ನ ತಂಗಿಯ ಬಗ್ಗೆ ಹೇಳತೊಡಗಿದ. ಉತ್ತರ ಕೊಡಲು ನೋಡಿದೆ, ಗಂಟಲಿನಿಂದ ಗಾಳಿಯಷ್ಟೇ ಬಂತು. ಬಿಸಿಲು ಏರಿತು. ಎದೆಯ ಪೇಪರು ತೆಗೆದು ಅದರ ಮೇಲೆಯೇ ಕೂತೆ. ನನ್ನ ಕಾಲಿನ ಕಡೆ ನೋಡಿ ನೋಡಿ, ಅವಳ ಎಡಗಾಲು ಸುತ್ತಿನ ಯಾವ ತಿರುವಿನಲ್ಲಿ ಹಿಡಿದುಕೊಂಡೀತೆಂದು ಲೆಕ್ಕ ಹಾಕುತ್ತಿದ್ದೆ. ಅಪ್ಪನ ಎರಡು ಸಲ ಫೋನು ಬಂತು. ನಾನು ಎತ್ತಲಿಲ್ಲ, ಎತ್ತಿದರೂ ಹೇಳಲು ದನಿ ಇರಲಿಲ್ಲ.

ಮಧ್ಯಾಹ್ನದ ಹತ್ತಿರ ಹುಡುಗಿಯರು ಹೊರಗೆ ಬರತೊಡಗಿದರು. ಕೆಲವರು ಅಳುತ್ತಿದ್ದರು. ಅಕ್ಕ ಬಂದಳು, ಮುಖದ ತುಂಬ ಧೂಳು, ಎದೆಯ ಮೇಲೆ ಇನ್ನೂ ನಂಬರಿನ ಚೀಟಿ. ಅವಳ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ. ಎದುರಿಗೆ ಬಂದು ಗಾಡಿಯ ಸೀಟು ಹಿಡಿದು ನಿಂತಳು.

"ಮೊದಲ ಸುತ್ತಿನ್ಯಾಗ ಎಲ್ಲಾರ್ಕಿಂತ ಹಿಂದ," ಎಂದಳು. "ಕಾಲು ಯಾರವೋ ಅದಾವ ಅನಸ್ತು. ಎರಡನೇ ಸುತ್ತಿನ್ಯಾಗ ಬಂದ್ವು. ಬಂದ ಮ್ಯಾಲ ಬಿಡಲಿಲ್ಲ." ಉಸಿರು ತೆಗೆದುಕೊಂಡಳು. "ಆತು. ಮಾರ್ಕು ಓದಿ ಹೇಳಿದ್ರು. ಭಾಳ ಇಲ್ಲ. ಆದ್ರ ಆತು."

ಅವಳು ನನ್ನ ಜೇಬಿನಿಂದ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು, ಸ್ಪೀಕರಿಗೆ ಹಾಕಿದಳು.

"ಅಪ್ಪಾ, ಮೈದಾನ ಪಾಸ್."

ಹಿಂದೆಲ್ಲೋ ಅವ್ವ, "ಏನಂತ್ರಿ? ಏನಂದ್ಳು?" ಎಂದು ಕೇಳುತ್ತಿದ್ದದ್ದು ಕೇಳಿಸಿತು. ಆಮೇಲೆ ಅಪ್ಪನ ದನಿ, ಏರಿಳಿತವಿಲ್ಲದೆ:

"ಬರೆಯೂ ಪರೀಕ್ಷೆ ಯಾವಾಗ ಅಂತ?"

"ಇನ್ನೂ ಹೇಳಿಲ್ಲ. ಮುಂದಿನ ತಿಂಗಳ ಇರಬಹುದು."

"ಹಂಗಾರ ಬಾ. ಕುಂತು ಓದು."

ಅಕ್ಕ ಫೋನು ಇಟ್ಟಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಬಿಸಿಲಿನಲ್ಲಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಳು. ನಾನೂ ಪಕ್ಕದಲ್ಲಿ ಕೂತೆ.